ಆಡುವುದು ಒಂದು ಕಸುಬು, ಕಲಿಸುವುದು ಇನ್ನೊಂದು

ಕಲಬುರಗಿ, ಕಮಲಾಪುರದ ಕಡೆ ರಗ್ಬಿ ಹೆಚ್ಚಿನವರಿಗೆ ಟಿವಿಯಲ್ಲಿ ಕಂಡ ಆಟ. ಎದುರಾಳಿಯನ್ನು ಹಿಡಿದು ಕೆಡವುವ ಆಟವೆಂದರೆ ನಮಗೆ ಕಬಡ್ಡಿಯೇ. ಆಟಗಾರ ಕೋಚ್ ಆಗಿ ಗೆದ್ದ ಉದಾಹರಣೆಗೂ ದೂರ ಹೋಗಬೇಕಿಲ್ಲ, ಕರ್ನಾಟಕದ ಬಿ.ಸಿ. ರಮೇಶ್ ಇದ್ದಾರೆ. 2001ರ ಅರ್ಜುನ ಪ್ರಶಸ್ತಿ ಅವರದು; 2002ರ ಬುಸಾನ್ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲೂ ಇದ್ದರು. ಪ್ರೊ ಕಬಡ್ಡಿ ಲೀಗ್‌ನಲ್ಲಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ಪ್ರಶಸ್ತಿ ಗೆದ್ದಾಗ ಕೋಚ್ ಅವರೇ. ಒಳ್ಳೆಯ ಆಟಗಾರ, ಹಾಗಾಗಿ ಒಳ್ಳೆಯ ಕೋಚ್ ಎಂದು ಜನ ಸುಲಭವಾಗಿ ಹೇಳಿಬಿಡುತ್ತಾರೆ. ಆದರೆ ಅವರ ಗೆಲುವುಗಳನ್ನು ಬಿಡಿಸಿ ನೋಡಿದರೆ ಕಾಣುವುದು ಬೇರೆ: ಕಲಿಸುವುದು ಆಟದ ಮುಂದುವರಿಕೆಯಲ್ಲ, ಅದೇ ಒಂದು ಕಸುಬು.

2019ರ ಅಕ್ಟೋಬರ್ 19ರಂದು ಅಹಮದಾಬಾದಿನಲ್ಲಿ ನಡೆದ ಫೈನಲ್ಲನ್ನೇ ನೋಡಿ. ಬೆಂಗಾಲಿನ ನಾಯಕ, ಮುಖ್ಯ ರೈಡರ್ ಮಣಿಂದರ್ ಸಿಂಗ್ ಗಾಯದಿಂದ ಹೊರಗಿದ್ದರು. ಆದರೂ ಇರಾನಿನ ಮೊಹಮ್ಮದ್ ನಬಿಬಕ್ಷ್ ಮುಂದೆ ನಿಂತು ಆಡಿಸಿದ ತಂಡ ದಬಂಗ್ ಡೆಲ್ಲಿಯನ್ನು 39–34ರಿಂದ ಸೋಲಿಸಿತು. ರೈಡರ್ ಗೆರೆ ದಾಟಿದ ಮೇಲೆ ಆ 30 ಸೆಕೆಂಡು ಅವನವೇ, ಕೋಚ್ ಕೈಯಲ್ಲಿ ಏನೂ ಇಲ್ಲ. ಎರಡು ಖಾಲಿ ರೈಡ್ ಆದ ಮೇಲೆ ‘ಡೂ ಆರ್ ಡೈ’ಗೆ ಯಾರನ್ನು ಕಳಿಸುವುದು, ಕಾರ್ನರ್‌ನಲ್ಲಿ ಯಾರು, ಮುಖ್ಯ ಆಟಗಾರ ಬಿದ್ದರೆ ಯಾರು, ಇವೆಲ್ಲ ಅಭ್ಯಾಸದಲ್ಲೇ ತೀರ್ಮಾನವಾಗಿರಬೇಕು. ಪುಣೇರಿಯದೂ ಇದೇ ಬಗೆಯ ಗೆಲುವು. 2022ರ ಫೈನಲ್‌ನಲ್ಲಿ ಜೈಪುರಕ್ಕೆ ಸೋತ ತಂಡ ಮುಂದಿನ ಆವೃತ್ತಿಯಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25ರಿಂದ ಗೆದ್ದಿತು. ಅಷ್ಟು ಕಡಿಮೆ ಅಂಕದ ಫೈನಲ್ ಹಿಡಿತಗಾರರ ಪಂದ್ಯ.

ಇದೆಲ್ಲ ಹಣದ ಆಟ ಎನ್ನುವವರಿದ್ದಾರೆ. ಆ ಆವೃತ್ತಿಯ ಹರಾಜಿನಲ್ಲಿ ಪುಣೇರಿ ಇರಾನಿನ ಶಾದ್ಲೂಯಿಗೆ 2.35 ಕೋಟಿ ಕೊಟ್ಟದ್ದು ನಿಜ. ಆದರೆ ಅದೇ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ 2.605 ಕೋಟಿ ಸುರಿದ ತೆಲುಗು ಟೈಟನ್ಸ್ ಪಟ್ಟಿಯ ಕೊನೆಯಲ್ಲಿ ನಿಂತಿತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಪ್ರಶಸ್ತಿ ಗೆದ್ದ ಮರು ಆವೃತ್ತಿಯಲ್ಲಿ ಬೆಂಗಾಲೂ ಪ್ಲೇಆಫ್ ತಲುಪಲಿಲ್ಲ, ಪುಣೇರಿಯೂ ತಲುಪಲಿಲ್ಲ. ಒಪ್ಪಬೇಕಾದ ಮಾತೇ. ಕೋಚ್ ಮಂತ್ರವಾದಿಯಲ್ಲ, ಗಾಯ, ಹರಾಜು, ತಂತ್ರ ಅರಿತುಕೊಂಡ ಎದುರಾಳಿ, ಯಾವುದೂ ಅವನ ಹಿಡಿತದಲ್ಲಿಲ್ಲ. ಹಾಗೆಂದು ಅವನಿಂದ ಆಗುವ ವ್ಯತ್ಯಾಸ ಸುಳ್ಳಾಗುವುದಿಲ್ಲ. ಹಿಂದಿನ ಆವೃತ್ತಿಯಲ್ಲಿ ಎರಡೇ ಪಂದ್ಯ ಗೆದ್ದು ತಳದಲ್ಲಿದ್ದ ಬೆಂಗಳೂರು ಬುಲ್ಸ್, 2025ರಲ್ಲಿ ರಮೇಶ್ ಬಂದ ಮೇಲೆ ಪ್ಲೇಆಫ್‌ಗೆ ಏರಿತು. ದೊಡ್ಡ ಆಟಗಾರನಾಗಿದ್ದರಷ್ಟೇ ಹುಡುಗರು ಮಾತು ಕೇಳುತ್ತಾರೆ ಎಂಬುದಕ್ಕೆ ರಗ್ಬಿಯೇ ಉತ್ತರ ಕೊಡುತ್ತದೆ. ದೇಶಕ್ಕಾಗಿ 36 ಟೆಸ್ಟ್ ಆಡಿದ ರಾಸಿ ಎರಾಸ್ಮಸ್ 2019ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ವಿಶ್ವಕಪ್ ಗೆಲ್ಲಿಸಿದರು, ಸರಿ. ಅದಕ್ಕೆ ನಾಲ್ಕು ವರ್ಷ ಮೊದಲು ಅದೇ ದಕ್ಷಿಣ ಆಫ್ರಿಕಾವನ್ನು 34–32ರಿಂದ ಸೋಲಿಸಿದ ಜಪಾನಿನ ಕೋಚ್ ಎಡ್ಡಿ ಜೋನ್ಸ್ ತಮ್ಮ ದೇಶ ಆಸ್ಟ್ರೇಲಿಯಾಕ್ಕೆ ಒಮ್ಮೆಯೂ ಆಡಿದವರಲ್ಲ.

ಇನ್ನು ನಮ್ಮ ಕಡೆಗೆ ಬಂದರೆ, ಕಮಲಾಪುರದ ಹುಡುಗನೊಬ್ಬ ಮಣ್ಣಿನ ಕಬಡ್ಡಿ ಅಂಕಣದಲ್ಲಿ ಬರಿಗಾಲಲ್ಲಿ ಆಡಿ ಬೆಳೆದರೆ, ಮ್ಯಾಟಿನ ಮೇಲೆ ಶೂ ಹಾಕಿ ಆಡುವುದನ್ನು ಹೊಸದಾಗಿ ಕಲಿಯಬೇಕು: ಕಾಲೂರುವ ರೀತಿ, ತಿರುಗುವ ವೇಗ, ಬೀಳುವ ಬಗೆ ಎಲ್ಲ ಬದಲು. ಮ್ಯಾಟ್ ಹಾಸಿದ ಮಾತ್ರಕ್ಕೆ ಅದು ಬರುವುದಿಲ್ಲ, ಹೇಳಿಕೊಡುವವರು ಬೇಕು. ಕೋಚ್‌ಗಳನ್ನು ತಯಾರಿಸಲೆಂದೇ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಇದೆ. ಕಲಬುರಗಿಯ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ವಿಭಾಗವೂ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕ್ರೀಡೆಯ ಮನವಿ ಬರೆಯುವವರು ಕಟ್ಟಡ, ಮ್ಯಾಟಿನ ಜೊತೆಗೆ ತರಬೇತಿ ಪಡೆದ ಒಬ್ಬ ಕೋಚ್‌ನ ವರ್ಷಪೂರ್ತಿ ಸಂಬಳವನ್ನೂ ದಯವಿಟ್ಟು ಸೇರಿಸಿ.