ಕಣ್ಕಟ್ಟಿನ ಗ್ರಂಥಭಂಡಾರ

ಅಂಚೆಚೀಟಿಗಳನ್ನು ಕೂಡಿಡುವವರುಂಟು, ಹಳೆಯ ನಾಣ್ಯಗಳನ್ನು ಕೂಡಿಡುವವರುಂಟು, ಚಿಟ್ಟೆಗಳನ್ನೂ ಶಿಲೆಗಳನ್ನೂ ಕೂಡಿಡುವವರುಂಟು. ಪುಸ್ತಕಗಳನ್ನು ಕೂಡಿಡುವವರಲ್ಲಿಯೂ ಒಂದು ವಿಚಿತ್ರವಾದ ಪಂಗಡವಿದೆ. ಇಂದ್ರಜಾಲ, ಕೈಚಳಕ, ಪರರ ಮನಸ್ಸನ್ನು ಓದುವ ಆಟ ಇವುಗಳ ಗುಟ್ಟನ್ನು ಬಿಚ್ಚಿ ಹೇಳುವ ಹಳೆಯ ಗ್ರಂಥಗಳನ್ನೇ ಇವರು ಅರಸುತ್ತಾರೆ. ಗುಟ್ಟು ಉಳಿದರೆ ಮಾತ್ರ ಉಳಿಯುವ ವಿದ್ಯೆ ಅದು. ಪುಸ್ತಕವಾದರೋ ಗುಟ್ಟನ್ನು ಬಯಲಿಗೆ ತರುವುದಕ್ಕೆಂದೇ ಹುಟ್ಟಿದ್ದು. ನಮ್ಮ ಬೀದಿಗಳ ಗಾರುಡಿಗನು ತನ್ನ ವಿದ್ಯೆಯನ್ನು ಮಗನಿಗೆ ಬಾಯಿಂದ ಹೇಳಿ ಕೈಯಿಂದ ತೋರಿಸಿ ಕಲಿಸಿದನೇ ಹೊರತು ಅಚ್ಚಿಗೆ ಕೊಟ್ಟುದು ವಿರಳ. ಆದ್ದರಿಂದ ಈ ಸಂಗ್ರಾಹಕರ ಕಣ್ಣು ಬಹುಮಟ್ಟಿಗೆ ಯೂರೋಪು ಅಮೆರಿಕಗಳ ಹಳೆಯ ಅಂಗಡಿಗಳ ಮೇಲೆಯೇ ಇರುತ್ತದೆ.

ಭೌತವಿಜ್ಞಾನವನ್ನು ಪಾಠ ಹೇಳುವವರಿಗೆ ಈ ಕಪಾಟಿನಲ್ಲೇನು ಕೆಲಸವೆಂದು ವಾಚಕರು ಕೇಳಬಹುದು. ಕೆಲಸವುಂಟು. ಕಂಡದ್ದನ್ನು ಕಂಡಂತೆ ನಂಬಬಾರದೆಂಬ ಪಾಠವನ್ನು ಪ್ರಯೋಗಶಾಲೆಗಿಂತ ಮೊದಲು ಮುದ್ರಿಸಿದವರಲ್ಲಿ ಈ ಗ್ರಂಥಕರ್ತರೂ ಸೇರಿದ್ದಾರೆ. ಅವರಲ್ಲೊಬ್ಬನು ಅದನ್ನು ಬರೆದದ್ದು ಜನರ ಜೀವ ಉಳಿಸುವುದಕ್ಕಾಗಿ.

ಅವನ ಹೆಸರು ರೆಜಿನಾಲ್ಡ್ ಸ್ಕಾಟ್. ಇಂಗ್ಲೆಂಡಿನ ಕೆಂಟ್ ಪ್ರಾಂತದ ಒಬ್ಬ ಭೂಮಾಲಿಕ. ಅವನು 1574 ರಲ್ಲಿ ಬರೆದ ಮೊದಲ ಪುಸ್ತಕ ಹಾಪ್ಸ್ ಎಂಬ ಬಳ್ಳಿಯ ಬೇಸಾಯವನ್ನು ಕುರಿತದ್ದು. ಆ ಕಾಲದಲ್ಲಿ ಮಾಟಗಾತಿಯರೆಂಬ ಆಪಾದನೆ ಹೊರಿಸಿ ಬಡ ಮುದುಕಿಯರನ್ನು ನ್ಯಾಯಾಲಯಕ್ಕೆಳೆಯುವುದು ನಡೆದೇ ಇತ್ತು. 1582 ರಲ್ಲಿ ಎಸೆಕ್ಸಿನ ಸೇಂಟ್ ಓಸಿತ್ ಎಂಬ ಊರಿನ ವಿಚಾರಣೆಯಲ್ಲಿ ಇಬ್ಬರು ಹೆಂಗಸರು ಗಲ್ಲಿಗೇರಿದರು. ಎರಡು ವರ್ಷಗಳ ತರುವಾಯ, 1584 ರಲ್ಲಿ, ಸ್ಕಾಟನು ‘ದಿ ಡಿಸ್ಕವರಿ ಆಫ್ ವಿಚ್‌ಕ್ರಾಫ್ಟ್’ ಎಂಬ ದೊಡ್ಡ ಗ್ರಂಥವನ್ನು ಹೊರತಂದನು. ಮಾಟವೆಂಬುದರ ಪೊಳ್ಳನ್ನು ತೋರಿಸುವುದು ಅದರ ಉದ್ದೇಶ. ಹದಿನಾರು ಭಾಗಗಳ ಆ ಗ್ರಂಥದಲ್ಲಿ ಹದಿಮೂರನೆಯದು ಸಂಗ್ರಾಹಕರ ಪಾಲಿಗೆ ನಿಧಿ. ನಾಣ್ಯ, ಚೆಂಡು, ಇಸ್ಪೀಟೆಲೆಗಳ ಕೈಚಳಕಗಳನ್ನೂ, ನಾಲಗೆಗೆ ದಬ್ಬಳ ಚುಚ್ಚಿಕೊಳ್ಳುವ, ಕಡಿದ ತಲೆಯನ್ನು ತಟ್ಟೆಯಲ್ಲಿಟ್ಟು ತೋರಿಸುವ ಭಯಂಕರ ಆಟಗಳನ್ನೂ ಅವನು ಒಂದೊಂದಾಗಿ ಬಿಡಿಸಿಟ್ಟಿದ್ದಾನೆ. ಅವನ ತರ್ಕ ಸರಳವಾದದ್ದು: ಸಂತೆಯಲ್ಲಿ ಕಾಸಿಗಾಗಿ ಆಡುವವನು ಇಷ್ಟನ್ನು ಬರಿಯ ಕೈಯಿಂದ ಮಾಡಬಲ್ಲನಾದರೆ, ಕಂಡದ್ದಕ್ಕೆಲ್ಲ ಪಿಶಾಚಿಯನ್ನು ಕರೆತರುವ ಅಗತ್ಯವೇನು? ಈ ಆಟಗಳಿಂದ ಹೊಟ್ಟೆ ಹೊರೆಯುವ ಬಡವರಿಗೆ ತನ್ನಿಂದ ನಷ್ಟವಾಗುವುದಲ್ಲಾ ಎಂದು ಅವನು ಮರುಗುತ್ತಾನೆ. ಆ ಮರುಕವನ್ನು ಓದಿದಾಗಲೆಲ್ಲ ಅವನಲ್ಲಿ ನಮ್ಮ ಗೌರವ ಹೆಚ್ಚುತ್ತದೆ.

ಸ್ಕಾಟ್ಲೆಂಡಿನ ಅರಸ ಆರನೆಯ ಜೇಮ್ಸ್ 1597 ರಲ್ಲಿ ಪಿಶಾಚವಿದ್ಯೆಯ ಮೇಲೆ ತಾನೇ ಒಂದು ಪುಸ್ತಕ ಬರೆದು, ಮುನ್ನುಡಿಯಲ್ಲಿ ಸ್ಕಾಟನನ್ನು ಹೆಸರಿಸಿ ಖಂಡಿಸಿದನು. 1603 ರಲ್ಲಿ ಇಂಗ್ಲೆಂಡಿನ ಪಟ್ಟವೂ ದೊರೆತ ಮೇಲೆ ಸ್ಕಾಟನ ಗ್ರಂಥದ ಪ್ರತಿಗಳನ್ನೆಲ್ಲ ಸುಡಿಸಿದನೆಂಬ ಕಥೆಯನ್ನು ಪುಸ್ತಕದ ವ್ಯಾಪಾರಿಗಳು ಇಂದಿಗೂ ಹೇಳುವುದುಂಟು. ಸುಟ್ಟ ಪುಸ್ತಕಕ್ಕೆ ಬೆಲೆ ಹೆಚ್ಚಷ್ಟೆ! ಆದರೆ ಇದಕ್ಕೆ ಆ ಕಾಲದ ಆಧಾರವಿಲ್ಲ. ಸ್ಕಾಟನು 1599 ರಲ್ಲಿಯೇ ತೀರಿಕೊಂಡಿದ್ದನು. ಗ್ರಂಥವು 1651 ರಲ್ಲಿಯೂ 1665 ರಲ್ಲಿಯೂ ಮರುಮುದ್ರಣವಾಯಿತು. ಅದೇ 1584 ರಲ್ಲಿ ಫ್ರಾನ್ಸಿನ ಲಿಯಾನ್ ಪಟ್ಟಣದಲ್ಲಿ ಪ್ರೆವೊ ಎಂಬುವನ ಪುಸ್ತಕವೂ ಅಚ್ಚಾಯಿತು. ಅದಂತೂ ಮೊದಲಿನಿಂದ ಕೊನೆಯವರೆಗೆ ಆಟಗಳನ್ನು ಕುರಿತದ್ದೇ, ಆದರೆ ಅದರ ಪ್ರತಿಗಳು ಸ್ಕಾಟನವುಗಳಿಗಿಂತ ಬಹಳ ವಿರಳ. 1634 ರ ‘ಹೋಕಸ್ ಪೋಕಸ್ ಜೂನಿಯರ್’ ಎಂಬ ಸಣ್ಣ ಪುಸ್ತಕವು ಅನೇಕ ಸಲ ಮುದ್ರಣ ಕಂಡರೂ ಉಳಿದ ಪ್ರತಿಗಳು ಕೆಲವೇ. ದಪ್ಪ ಗ್ರಂಥವು ಪಂಡಿತನ ಕಪಾಟಿನಲ್ಲಿ ನಿದ್ರಿಸುತ್ತ ಬದುಕಿಕೊಳ್ಳುತ್ತದೆ. ತೆಳ್ಳನೆಯ ಪುಸ್ತಕವು ಜೇಬಿನಿಂದ ಜೇಬಿಗೆ ಹೋಗಿ ಸವೆದು ಹರಿಯುತ್ತದೆ.

ಇಂಥ ಪ್ರತಿಯೊಂದು ಮಾರಾಟಕ್ಕೆ ಬಂದಾಗ ಸಂಗ್ರಾಹಕನು ಮೊದಲು ನೋಡುವುದು ಅದು ಪೂರ್ಣವಾಗಿದೆಯೇ ಎಂಬುದನ್ನು. ಸ್ಕಾಟನ ಮೊದಲ ಮುದ್ರಣದಲ್ಲಿ ಪುಟಸಂಖ್ಯೆಯಿಲ್ಲದ ಚಿತ್ರದ ಹಾಳೆಗಳಿವೆ. ಅಲಗು ಹಿಡಿಯೊಳಕ್ಕೆ ಜಾರುವ ಪೊಳ್ಳು ದಬ್ಬಳ, ನಡುವೆ ಕಂಡಿಯಿರುವ ಚೂರಿ ಇತ್ಯಾದಿ ಸಾಧನಗಳ ಮರದಚ್ಚಿನ ಚಿತ್ರಗಳು ಅವು. ಜನ ಕಿತ್ತುಕೊಳ್ಳುವುದೂ ಇಂಥ ಹಾಳೆಗಳನ್ನೇ. ಕಳೆದ ಹಾಳೆಯ ಸ್ಥಾನದಲ್ಲಿ ನಕಲನ್ನು ಹೊಲಿದು ಸೇರಿಸುವ ಕಸಬು ಹಳೆಯದು. ಇಲ್ಲಿ ಸಂಗ್ರಾಹಕನ ಸಹಾಯಕ್ಕೆ ಬರುವುದು ನಮ್ಮ ಶಾಸ್ತ್ರ.

ಆ ಕಾಲದ ಕಾಗದವನ್ನು ತಂತಿಯ ಜರಡಿಯಲ್ಲಿ ಒಂದೊಂದೇ ತಾವಾಗಿ ಎತ್ತುತ್ತಿದ್ದರು. ತಂತಿಯಿದ್ದ ಕಡೆ ನಾರು ತೆಳುವಾಗಿ ನಿಲ್ಲುವುದರಿಂದ ಹಾಳೆಯನ್ನು ಬೆಳಕಿಗೆ ಹಿಡಿದರೆ ಗೆರೆಗಳೂ, ವಾಟರ್‌ಮಾರ್ಕ್ ಎಂಬ ನೀರ್ಗುರುತೂ ಕಾಣುತ್ತವೆ. ಸ್ಕಾಟನ ಗ್ರಂಥವು ಕ್ವಾರ್ಟೊ ಆಕಾರದ್ದು: ತಾವನ್ನು ಎರಡು ಸಲ ಮಡಿಸಿದರೆ ನಾಲ್ಕು ಹಾಳೆ, ಎಂಟು ಪುಟ. ಹೀಗೆ ಮಡಿಸಿದಾಗ ಜರಡಿಯ ದೊಡ್ಡ ಗೆರೆಗಳು ಪುಟದಲ್ಲಿ ಅಡ್ಡವಾಗಿ ಬರಬೇಕು, ನೀರ್ಗುರುತು ಹೊಲಿಗೆಯ ಮಡಿಕೆಯ ನಡುವಿಗೆ ಬೀಳಬೇಕು. ಒಂದು ಹಾಳೆಯಲ್ಲಿ ಮಾತ್ರ ಗೆರೆಗಳು ಉದ್ದುದ್ದವಾಗಿದ್ದರೆ ಅದು ಅನುಮಾನಕ್ಕೆ ಕಾರಣ. ಇನ್ನು, ಲೋಹದ ಮೊಳೆಯಾಗಲಿ ಮರದ ಅಚ್ಚಾಗಲಿ ಕಾಗದವನ್ನು ಒತ್ತಿ ಸಣ್ಣ ತಗ್ಗುಗಳನ್ನುಂಟುಮಾಡುತ್ತದೆ. ಕಲ್ಲಚ್ಚಿನ ನಕಲಿನಲ್ಲಿ ಅವಿರುವುದಿಲ್ಲ. ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ತಗ್ಗುಗಳ ನೆರಳು ಗುಟ್ಟನ್ನು ಹೇಳುತ್ತದೆ. ಅತಿನೇರಿಳೆ ಕಿರಣದ ಪರೀಕ್ಷೆ ಇನ್ನೂ ಸೊಗಸಾದದ್ದು. ಸುಮಾರು 1950 ರಿಂದೀಚೆಗೆ ಕಾಗದವನ್ನು ಬೆಳ್ಳಗೆ ತೋರಿಸಲು ಬೆರೆಸುತ್ತಿರುವ ರಾಸಾಯನಿಕಗಳು ಕಣ್ಣಿಗೆ ಕಾಣದ ಆ ಕಿರಣವನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುತ್ತವೆ. ಹಳೆಯ ಹಾಳೆಗಳು ಮಂಕಾಗಿರುವಾಗ ಅಂಥ ಹೊಸ ಹಾಳೆಯೊಂದಿದ್ದರೆ ಅದು ತಾನಾಗಿಯೇ ಹೊಳೆದು ಸಿಕ್ಕಿಬೀಳುತ್ತದೆ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಫ್ರಾನ್ಸಿನ ರಾಬರ್ಟ್ ಹೂಡಿನನದು ದೊಡ್ಡ ಹೆಸರು. ಗಡಿಯಾರ ಮಾಡುವವನಾಗಿದ್ದ ಇವನು ಇಂದ್ರಜಾಲವನ್ನು ಸಂತೆಯಿಂದ ರಂಗಮಂದಿರಕ್ಕೆ ತಂದನು. 1858 ರಲ್ಲಿ ಪ್ರಕಟವಾದ ಅವನ ಆತ್ಮಕಥೆಯ ಮೊದಲ ಮುದ್ರಣ ಸಂಗ್ರಾಹಕರಿಗೆ ಅಚ್ಚುಮೆಚ್ಚು. ಫ್ರೆಂಚ್ ಸರ್ಕಾರವು 1856 ರಲ್ಲಿ ತನ್ನನ್ನು ಆಲ್ಜೀರಿಯಕ್ಕೆ ಕಳುಹಿಸಿತೆಂದೂ, ಅಲ್ಲಿ ಒಂದು ಸಣ್ಣ ಪೆಟ್ಟಿಗೆಯನ್ನು ಮಗುವೂ ಎತ್ತುವಂತೆ ಮಾಡಿ, ಮರುಗಳಿಗೆ ಬಲಶಾಲಿಯೊಬ್ಬನು ಎಳೆದರೂ ಕದಲದಂತೆ ಮಾಡಿದೆನೆಂದೂ ಅದರಲ್ಲಿ ಬರೆದಿದ್ದಾನೆ. ಪೆಟ್ಟಿಗೆಯ ತಳ ಕಬ್ಬಿಣ, ರಂಗದ ಹಲಗೆಯ ಕೆಳಗೆ ವಿದ್ಯುದಯಸ್ಕಾಂತ. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಬಹುದು: ಕಾಂತಕ್ಷೇತ್ರವು 1 ಟೆಸ್ಲಾ ಇದ್ದರೆ ಧ್ರುವದ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 40 ನ್ಯೂಟನ್, ಅಂದರೆ 4 ಕಿಲೋಗ್ರಾಂ ತೂಕದಷ್ಟು ಸೆಳೆತ. 25 ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಂ! ನಡುವೆ ಸ್ವಲ್ಪ ಅಂತರ ಬಿದ್ದರೂ ಸೆಳೆತ ಬಹಳ ತಗ್ಗುವುದರಿಂದ ಸುರುಳಿಯೂ ಬ್ಯಾಟರಿಯೂ ದೊಡ್ಡವೇ ಆಗಿರಬೇಕು. ಭೌತವಿಜ್ಞಾನ ಸರಿ, ಆದರೆ ಆಳಲ್ಪಡುವ ಜನರನ್ನು ಬೆದರಿಸಲು ಅದನ್ನು ಬಳಸಿದ ಕಥೆಯನ್ನು ಅವನಂತೆ ಹೆಮ್ಮೆಯಿಂದ ಹೇಳಲು ನಮಗೆ ಮನಸ್ಸು ಬಾರದು. ಅಲ್ಲದೆ ಆ ವೃತ್ತಾಂತವೆಲ್ಲ ಅವನ ಬಾಯಿಂದಲೇ ಬಂದದ್ದೆಂಬುದನ್ನೂ ನೆನಪಿಡಬೇಕು.

1846 ರಲ್ಲಿ ಇವನೇ ತನ್ನ ಮಗನಿಗೆ ಕಣ್ಣುಕಟ್ಟಿ ಕೂರಿಸಿ, ಸಭಿಕರು ಕೊಟ್ಟ ವಸ್ತುಗಳನ್ನು ಹೇಳಿಸುವ ಆಟವನ್ನು ಆರಂಭಿಸಿದನು. ಮನಸ್ಸನ್ನು ಓದುವ ಈ ಬಗೆಯ ಆಟಗಳಿಗೆ ತಳಹದಿ ಸಂಕೇತ. ಹತ್ತು ಸಾಮಾನ್ಯ ಮಾತುಗಳನ್ನು ಹತ್ತು ಅಂಕಿಗಳಿಗೆ ಗೊತ್ತುಮಾಡಿಕೊಂಡರೆ ಮೂರು ಮಾತುಗಳ ಒಂದು ಪ್ರಶ್ನೆ ಸಾವಿರ ವಸ್ತುಗಳಲ್ಲಿ ಒಂದನ್ನು ಸೂಚಿಸಬಲ್ಲುದು. ‘ಈಗ’ ಎಂದರೆ 2, ‘ಬೇಗ’ ಎಂದರೆ 4, ‘ಹೇಳು’ ಎಂದರೆ 3 ಎಂದಿಟ್ಟುಕೊಳ್ಳೋಣ. ‘ಈಗ ಬೇಗ ಹೇಳು’ ಎಂದ ಕೂಡಲೆ ಮಗನು ಬಾಯಿಪಾಠ ಮಾಡಿದ ಪಟ್ಟಿಯ 243 ನೆಯ ವಸ್ತುವನ್ನು, ಬೆಳ್ಳಿಯ ಗಡಿಯಾರವೆಂದಿರಲಿ, ನುಡಿದುಬಿಡುತ್ತಾನೆ. ಜನ ಪ್ರಶ್ನೆಯ ಮಾತುಗಳನ್ನು ಶಂಕಿಸತೊಡಗಿದಾಗ ರಾಬರ್ಟ್ ಹೂಡಿನನು ಮಾತು ಬಿಟ್ಟು ಗಂಟೆ ಬಾರಿಸಿದನು.

ಆಟವೆಂದು ಹೇಳಿ ಆಡಿದರೆ ಆಕ್ಷೇಪವಿಲ್ಲ. ಸತ್ತವರೊಡನೆ ಮಾತಾಡಿಸುತ್ತೇವೆಂದು ಹೇಳಿ, ಮಗುವನ್ನು ಕಳೆದುಕೊಂಡ ತಾಯಿಯಿಂದ ಹಣ ಕೀಳುವುದು ಬೇರೆ. ಈ ಕಡೆಯ ಪುಸ್ತಕಗಳಲ್ಲಿ 1891 ರಲ್ಲಿ ಅಮೆರಿಕದಲ್ಲಿ ಹೆಸರಿಲ್ಲದೆ ಪ್ರಕಟವಾದ ‘ರೆವಲೇಷನ್ಸ್ ಆಫ್ ಎ ಸ್ಪಿರಿಟ್ ಮೀಡಿಯಂ’ ಬಹಳ ದುರ್ಲಭ. ಗುಟ್ಟು ಹೊರಬಿದ್ದವರೇ ಪ್ರತಿಗಳನ್ನು ಕೊಂಡು ನಾಶಪಡಿಸಿದರೆಂಬ ಪ್ರತೀತಿ ಇದೆ. 1922 ರಲ್ಲಿ ಹ್ಯಾರಿ ಪ್ರೈಸ್ ಮತ್ತು ಎರಿಕ್ ಡಿಂಗ್‌ವಾಲ್ ಅದನ್ನು ಮರುಮುದ್ರಿಸಿದರು. ಆದರೆ ನಮ್ಮನ್ನು ಕೇಳಿದರೆ ಈ ಕಪಾಟಿನ ಮುಕುಟಮಣಿ ಪುಸ್ತಕವೇ ಅಲ್ಲ, 1853 ರ ಜುಲೈ ತಿಂಗಳ ‘ಅಥೀನಿಯಂ’ ಪತ್ರಿಕೆಯ ಒಂದು ಸಂಚಿಕೆ. ಅದರಲ್ಲಿ ಮೈಕೇಲ್ ಫ್ಯಾರಡೆಯ ಲೇಖನವಿದೆ. ಆಗ ಮೇಜಿನ ಮೇಲೆ ಕೈಯಿಟ್ಟು ಕುಳಿತರೆ ಮೇಜು ತಾನೇ ಚಲಿಸುವುದೆಂಬ ಹುಚ್ಚು ಹಬ್ಬಿತ್ತು. ಫ್ಯಾರಡೆಯು ಕೆಲವು ರಟ್ಟುಗಳನ್ನು ಮೆತ್ತನೆಯ ಅಂಟಿನಿಂದ ಒಂದರ ಮೇಲೊಂದು ಕೂಡಿಸಿ ಕೈಗಳ ಕೆಳಗಿಟ್ಟನು. ಮೇಜು ಮುಂದಾಗಿ ಕೈಗಳನ್ನು ಎಳೆದಿದ್ದರೆ ಮೇಲಿನ ರಟ್ಟುಗಳು ಹಿಂದುಳಿಯಬೇಕಾಗಿತ್ತು. ಅವು ಮುಂದಕ್ಕೆ ಜಾರಿದ್ದವು. ಅಂದರೆ ತಳ್ಳಿದ್ದು ಕೈಗಳೇ. ಕುಳಿತವರು ಮೋಸಗಾರರಲ್ಲ, ತಾವು ತಳ್ಳುತ್ತಿರುವುದು ಅವರಿಗೇ ತಿಳಿದಿರಲಿಲ್ಲ. ಕೈಯ ಚಲನೆಯನ್ನು ತೋರಿಸುವ ಸೂಚಿಯನ್ನು ಅವರ ಕಣ್ಣೆದುರಿಗಿಟ್ಟ ಕೂಡಲೆ ಮೇಜು ನಿಂತುಹೋಯಿತು.

ಮುದ್ರಣವು ಗುಟ್ಟನ್ನು ಬಯಲು ಮಾಡುವಂತೆ ಸುಳ್ಳನ್ನು ಹುಟ್ಟಿಸಲೂ ಬಲ್ಲುದು. ನಮ್ಮ ದೇಶದ ಹೆಸರಿಗೆ ಅಂಟಿಕೊಂಡ ಹಗ್ಗದಾಟವನ್ನು ಜಗತ್ಪ್ರಸಿದ್ಧವಾಗಿಸಿದ್ದು 1890 ರ ಆಗಸ್ಟ್ 8 ರ ‘ಷಿಕಾಗೋ ಟ್ರಿಬ್ಯೂನ್’ ಪತ್ರಿಕೆಯ ವರದಿ. ಅದು ಕಟ್ಟುಕಥೆಯೆಂದು ಕೆಲವು ತಿಂಗಳುಗಳ ಬಳಿಕ ಪತ್ರಿಕೆಯೇ ಒಪ್ಪಿಕೊಂಡಿತು. ಒಪ್ಪಿಗೆಯನ್ನು ಓದಿದವರು ಕಡಮೆ.

1926 ರಲ್ಲಿ ತೀರಿಕೊಂಡ ಹೂಡಿನಿಯ ಗ್ರಂಥಗಳಲ್ಲಿ ಸುಮಾರು 4,000 ಸಂಪುಟಗಳು ಮರುವರ್ಷ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಹ್ಯಾರಿ ಪ್ರೈಸನ ಸಂಗ್ರಹ ಲಂಡನ್ ವಿಶ್ವವಿದ್ಯಾನಿಲಯದಲ್ಲಿದೆ. ಸ್ಕಾಟನ ಗ್ರಂಥದ ಪುಟಗಳ ಛಾಯಾಪ್ರತಿಯನ್ನು ಈಗ ಗಣಕಯಂತ್ರದಲ್ಲಿ ಕಾಸಿಲ್ಲದೆ ಓದಬಹುದು. 1972 ರ ಡೋವರ್ ಮರುಮುದ್ರಣವೂ ಉಂಟು. ಕಡಮೆ ಹಣದಲ್ಲಿ ಕಪಾಟು ಆರಂಭಿಸುವ ವಿದ್ಯಾರ್ಥಿಗೆ ಮಾರ್ಟಿನ್ ಗಾರ್ಡ್ನರನ 1956 ರ ‘ಮ್ಯಾಥಮ್ಯಾಟಿಕ್ಸ್, ಮ್ಯಾಜಿಕ್ ಅಂಡ್ ಮಿಸ್ಟರಿ’ ಎಂಬ ಪುಸ್ತಕವನ್ನು ನಾವು ಮೊದಲು ಹೇಳುತ್ತೇವೆ.

ಒಂದು ಬಗೆಯ ಪುಸ್ತಕಕ್ಕೆ ಮಾತ್ರ ಛಾಯಾಪ್ರತಿ ಪ್ರಯೋಜನವಿಲ್ಲ. ಅದು ಸ್ಕಾಟನೂ ವರ್ಣಿಸಿರುವ ಊದುವ ಪುಸ್ತಕ. ಆಟಗಾರನು ಅದರ ಮೇಲೆ ಊದಿ ಹಾಳೆಗಳನ್ನು ಸರಸರನೆ ಬಿಟ್ಟರೆ ಒಮ್ಮೆ ಎಲ್ಲವೂ ಖಾಲಿ, ಇನ್ನೊಮ್ಮೆ ಎಲ್ಲವೂ ಚಿತ್ರ! ಇದನ್ನು ನೋಟ್‌ಬುಕ್ಕಿನಿಂದಲೇ ಮಾಡಬಹುದು. ಒಂದು ಬಿಟ್ಟು ಒಂದು ಹಾಳೆಯ ಹೊರ ಅಂಚನ್ನು 3 ಮಿಲಿಮೀಟರಿನಷ್ಟು ಕತ್ತರಿಸಿರಿ. ಉದ್ದ ಹಾಳೆಯ ಹಿಂಬದಿಯಲ್ಲಿಯೂ ಅದರ ಎದುರಿಗೆ ಬರುವ ಗಿಡ್ಡ ಹಾಳೆಯ ಮುಂಬದಿಯಲ್ಲಿಯೂ ಚಿತ್ರ ಬರೆದು ಉಳಿದ ಪುಟಗಳನ್ನು ಖಾಲಿ ಬಿಡಿರಿ. ಹೆಬ್ಬೆರಳಿಗೆ ಸಿಕ್ಕುವುದು ಉದ್ದ ಹಾಳೆಗಳು ಮಾತ್ರ. ಆದ್ದರಿಂದ ಮೊದಲಿನಿಂದ ಕೊನೆಗೆ ಬಿಡುತ್ತ ಹೋದರೆ ಬರಿಯ ಬಿಳಿ ಪುಟಗಳು ಕಾಣುತ್ತವೆ, ಕೊನೆಯಿಂದ ಮೊದಲಿಗೆ ಬಿಟ್ಟರೆ ಚಿತ್ರಗಳು. ಊದುವುದನ್ನು ಮರೆಯಬೇಡಿರಿ, ಪುಸ್ತಕವನ್ನು ತಿರುಗಿಸಿ ಹಿಡಿಯಲು ನಿಮಗೆ ಸಮಯ ಸಿಕ್ಕುವುದು ಆಗಲೇ.