ದಮ್ಮು ಬೇಗ ಬರುತ್ತದೆ, ಕಾಲು ತಡ

ಕಾಲೇಜಿನಲ್ಲಿ ಓಡುತ್ತಿದ್ದವರು, ಆಮೇಲೆ ಅಂಗಡಿ, ಆಫೀಸು, ಸಂಸಾರ ಎಂದು ಹತ್ತು ಹದಿನೈದು ವರ್ಷ ಬಿಟ್ಟವರು, ನಲವತ್ತರ ಆಸುಪಾಸಿನಲ್ಲಿ ಮತ್ತೆ ಶೂ ಕಟ್ಟಿದವರು ದಾವಣಗೆರೆಯ ಕುಂದವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ಸಿಗುತ್ತಾರೆ. ಹರಿಹರದಲ್ಲಿ ತುಂಗಭದ್ರೆಯ ದಂಡೆಗೂ ಇಂಥವರು ಬರುತ್ತಾರೆ. ಇವರಲ್ಲಿ ಕೆಲವರ ಕಣ್ಣು ಈಗ ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದ ಮೇಲಿದೆ. ಅಲ್ಟ್ರಾ ಅಂದರೆ ಮ್ಯಾರಥಾನಿನ 42.195 ಕಿ.ಮೀ. ದಾಟಿದ ಓಟ. ಅಲ್ಲಿ 50 ಕಿ.ಮೀ. ಹಾದಿಯೂ ಇದೆ, ಅದಕ್ಕಿಂತ ಉದ್ದದ್ದೂ ಇದೆ. ಆಸೆ ಒಳ್ಳೆಯದು. ಅದರ ಜೊತೆ ಬರುವ ಕೆಲವು ನಂಬಿಕೆಗಳು ಮಾತ್ರ ಕಾಲು ಕೆಡಿಸುತ್ತವೆ.

“ಹಳೇ ಓಟಗಾರ ನಾನು, ಒಂದು ತಿಂಗಳು ಓಡಿದ್ರೆ ಎಲ್ಲಾ ವಾಪಸ್ ಬರ್ತತಿ.”

ಅತಿ ಹೆಚ್ಚು ಜನರನ್ನು ಮಂಚ ಹಿಡಿಸುವ ಮಾತು ಇದೇ. ಇದರಲ್ಲಿ ಅರ್ಧ ನಿಜವಿರುವುದರಿಂದಲೇ ಅಪಾಯ. ಓಟ ಬಿಟ್ಟ ಕೆಲವೇ ವಾರಗಳಲ್ಲಿ ರಕ್ತದ ದ್ರವಾಂಶ ಇಳಿಯುತ್ತದೆ, ಮತ್ತೆ ಓಡಿದರೆ ಅಷ್ಟೇ ಬೇಗ ಏರುತ್ತದೆ. ಹೃದಯ, ಶ್ವಾಸಕೋಶ ಕೆಲವು ವಾರಗಳಲ್ಲಿ ಹದಕ್ಕೆ ಬರುತ್ತವೆ. ಆದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳಿಗೆ ರಕ್ತದ ಹರಿವು ಕಡಿಮೆ. ಅವೂ ಮೂಳೆಗಳೂ ಗಟ್ಟಿಯಾಗಲು ತಿಂಗಳುಗಳೇ ಬೇಕು. ಎರಡು ಮೂರು ತಿಂಗಳಾಗುವಷ್ಟರಲ್ಲಿ ದಮ್ಮು “ಇನ್ನೂ ಓಡು” ಅನ್ನುತ್ತದೆ, ಹಿಮ್ಮಡಿ ಇನ್ನೂ ತಯಾರಾಗಿರುವುದಿಲ್ಲ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯ ಮೇಲಿನ ಭಾಗ ಬಿಗಿದು ನೋಯುತ್ತದೆಯೇ? ಹತ್ತು ನಿಮಿಷ ಓಡಾಡಿದ ಮೇಲೆ ಹೋಗುತ್ತದೆಯೇ? ಹೋಯಿತೆಂದು ಸಮಾಧಾನಪಡಬೇಡಿ. ಆ ವಾರದ ಓಟವನ್ನು ಅರ್ಧಕ್ಕೆ ಇಳಿಸಿ.

“ಓಡಿದ್ರೆ ಮಂಡಿ ಸವೆಯುತ್ತೆ” ಎಂದು ಮನೆಯಲ್ಲಿ ಹೆದರಿಸುತ್ತಾರೆ. 2017ರಲ್ಲಿ ಪ್ರಕಟವಾದ ಹಲವು ಅಧ್ಯಯನಗಳ ಒಟ್ಟು ವಿಶ್ಲೇಷಣೆ ಹೇಳಿದ್ದು ಬೇರೆ: ಹವ್ಯಾಸಿ ಓಟಗಾರರಲ್ಲಿ ಮಂಡಿ ಅಥವಾ ಸೊಂಟದ ಕೀಲು ಸವೆತ ಶೇ 3.5, ಓಡದೆ ಕೂತವರಲ್ಲಿ ಶೇ 10.2, ಸ್ಪರ್ಧಾತ್ಮಕ ಓಟಗಾರರಲ್ಲಿ ಶೇ 13.3. ಮಂಡಿಗೆ ಹಿಂದೆ ಪೆಟ್ಟು ಬಿದ್ದವರ ಲೆಕ್ಕ ಬೇರೆ, ಅವರು ವೈದ್ಯರನ್ನು ಕೇಳಲೇಬೇಕು.

“ನಡೆದರೆ ಸೋತ ಹಾಗೆ.” ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತವನ್ನು ಸುತ್ತುವ ಯುಟಿಎಂಬಿ ಓಟ ಸುಮಾರು 170 ಕಿ.ಮೀ., ಒಟ್ಟು ಏರು ಸುಮಾರು 10,000 ಮೀಟರ್. ಮುಗಿಸಲು ಕೊಡುವ ಸಮಯ 46 ಗಂಟೆ 30 ನಿಮಿಷ. ಲೆಕ್ಕ ಹಾಕಿದರೆ ಗಂಟೆಗೆ 4 ಕಿ.ಮೀ.ಗಿಂತ ಕಡಿಮೆ. ಕಡಿದಾದ ಏರಿನಲ್ಲಿ ಓಡುವುದಕ್ಕಿಂತ ನಡೆಯುವುದಕ್ಕೆ ಶಕ್ತಿ ಕಡಿಮೆ ಸಾಕು. ಅಲ್ಲಿ ಬಲ್ಲವರೇ ಮೊದಲು ನಡೆಯುತ್ತಾರೆ.

“ಹತ್ತೋದೇ ಕಷ್ಟ, ಇಳಿಯೋದು ಆರಾಮು” ಅನ್ನುವವರು ಒಂದು ಭಾನುವಾರ ಬಾತಿ ಗುಡ್ಡವನ್ನೋ ಕೊಂಡಜ್ಜಿ ಗುಡ್ಡವನ್ನೋ ನಾಲ್ಕು ಸಲ ಹತ್ತಿ ಇಳಿಯಲಿ. ಹತ್ತುವಾಗ ಏದುಸಿರು, ಅಷ್ಟೆ. ಇಳಿಯುವಾಗ ತೊಡೆಯ ಮುಂಭಾಗದ ಮಾಂಸಖಂಡ ಹಿಗ್ಗುತ್ತಲೇ ಮೈಭಾರ ತಡೆಯಬೇಕು, ಅದರ ಎಳೆಗಳಲ್ಲಿ ಸಣ್ಣ ಸಣ್ಣ ಹರಕುಗಳಾಗುವುದು ಆಗಲೇ. ಸೋಮವಾರಕ್ಕಿಂತ ಮಂಗಳವಾರ ನೋವು ಜಾಸ್ತಿ, ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕು. ಬೆರಳು ಶೂವಿನ ತುದಿಗೆ ಗುದ್ದಿ ಗುದ್ದಿ ಉಗುರು ಕಪ್ಪಾಗುತ್ತದೆ, ಹಾಗಾಗಿ ಶೂ ಅರ್ಧ ಸೈಜು ದೊಡ್ಡದಿರಲಿ. ಇಳಿಜಾರು ರೂಢಿಯಾದಂತೆ ಈ ನೋವು ಗಣನೀಯವಾಗಿ ತಗ್ಗುತ್ತದೆ. ಕೆರೆ ಏರಿಯ ಸಮತಟ್ಟು ಹಾದಿಯಲ್ಲಿ ಎಷ್ಟು ಸುತ್ತು ಹಾಕಿದರೂ ಈ ಅಭ್ಯಾಸ ಸಿಗದು.

ನೀರಿನ ವಿಷಯ ಇನ್ನೂ ಗಂಭೀರ. “ಬಾಯಾರಲಿ ಬಿಡಲಿ, ಕುಡೀತಾ ಇರಬೇಕು” ಎಂಬುದು ನಮ್ಮ ಬಿಸಿಲ ಸೀಮೆಯಲ್ಲಿ ಬೇರೂರಿದ ಸಲಹೆ. 2002ರ ಬಾಸ್ಟನ್ ಮ್ಯಾರಥಾನಿನ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13 ಮಂದಿಯಲ್ಲಿ ಸೋಡಿಯಂ ಸಹಜ ಮಟ್ಟಕ್ಕಿಂತ ಕೆಳಗೆ ಇಳಿದಿತ್ತು. ಓಟದಲ್ಲಿ ತೂಕ ಹೆಚ್ಚಿಸಿಕೊಂಡವರಿಗೇ, ಅಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಿಗೇ ಅಪಾಯ ಹೆಚ್ಚಿತ್ತು. ತಲೆನೋವು, ವಾಂತಿ, ಗೊಂದಲ ಸೋಡಿಯಂ ಕುಸಿತದ ಲಕ್ಷಣ. ಮೀರಿದರೆ ಮಿದುಳು ಊದಿಕೊಂಡು ಜೀವವೇ ಹೋಗಬಹುದು. ಉಪ್ಪು ತಿಂದರೂ ಅತಿಯಾಗಿ ಕುಡಿದ ನೀರಿನ ಅಪಾಯ ತಪ್ಪುವುದಿಲ್ಲ. ಬಾಯಾರಿದಾಗ ಕುಡಿಯಿರಿ. ಗಂಟೆಗೆ ಒಂದೆರಡು ಬಾಳೆಹಣ್ಣೋ, ಅಷ್ಟೇ ಶಕ್ತಿ ಕೊಡುವ ಬೆಲ್ಲವೋ ಹೊಟ್ಟೆಗೆ ಹೋಗಲಿ. ಅದನ್ನೂ ಅಭ್ಯಾಸದ ದಿನಗಳಲ್ಲೇ ತಿಂದು ನೋಡಿ.

ನೋವಿನ ಮಾತ್ರೆ ನುಂಗಿ ಓಡುವುದಂತೂ ಬೇಡವೇ ಬೇಡ. ಹಲವು ದಿನಗಳ ಅಲ್ಟ್ರಾ ಓಟಗಳ 80 ಕಿ.ಮೀ. ಹಂತದಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮೂತ್ರಪಿಂಡಕ್ಕೆ ದಿಢೀರ್ ಪೆಟ್ಟಾಗಿದ್ದು ಐಬುಪ್ರೊಫೆನ್ ತೆಗೆದುಕೊಂಡವರಲ್ಲಿ ಶೇ 52, ಔಷಧವಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 34.

ವರ್ಷಗಳ ನಂತರ ಮರಳಿದವರು ಮೊದಲ ಸಲ 50 ಕಿ.ಮೀ.ಗಿಂತ ಹೆಚ್ಚಿನದಕ್ಕೆ ಹೋಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಲವತ್ತು ದಾಟಿದವರು, ಬಿಪಿ ಅಥವಾ ಶುಗರ್ ಇರುವವರು, ಮನೆತನದಲ್ಲಿ ಹೃದಯದ ಕಾಯಿಲೆ ಇರುವವರು ದಯವಿಟ್ಟು ಮೊದಲು ವೈದ್ಯರಿಗೆ ತೋರಿಸಿಕೊಳ್ಳಿ, ಹೆಸರು ನೋಂದಾಯಿಸುವುದು ಆಮೇಲೆ.