ಮೂವರನ್ನು ಕೊಟ್ಟು ಒಬ್ಬರನ್ನು ತಂದರು

ಮಕ್ಕಳೇ, ಕ್ರಿಕೆಟ್‌ನಲ್ಲಿ ಬೌಂಡರಿ ಗೆರೆಯ ಹತ್ತಿರ ಕೆಲವರು ನಿಲ್ಲುತ್ತಾರಲ್ಲ, ಅಮೆರಿಕದ ಬೇಸ್‌ಬಾಲ್‌ನಲ್ಲೂ ಹಾಗೆ ದೂರ ನಿಂತು ಚೆಂಡು ಹಿಡಿಯುವ ಮೂವರಿರುತ್ತಾರೆ. ಅವರನ್ನು ಔಟ್‌ಫೀಲ್ಡರ್ ಎನ್ನುತ್ತಾರೆ. ಚಳಿಗಾಲದಲ್ಲಿ ಅಲ್ಲಿ ಪಂದ್ಯಗಳಿಲ್ಲ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದು ಆಗಲೇ.

1965ರ ಡಿಸೆಂಬರ್‌ನಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡ ಮೂವರನ್ನು ಕೊಟ್ಟು ಸಿನ್ಸಿನಾಟಿ ರೆಡ್ಸ್ ತಂಡದಿಂದ ಔಟ್‌ಫೀಲ್ಡರ್ ಫ್ರಾಂಕ್ ರಾಬಿನ್ಸನ್ ಅವರನ್ನು ತಂದಿತು. ಆ ಮೂವರಲ್ಲಿ ಮಿಲ್ಟ್ ಪಪ್ಪಾಸ್ ಹೆಸರಾಂತ ಬೌಲರ್. ಅವರ ಭಾಷೆಯಲ್ಲಿ ಪಿಚ್ಚರ್. ರಾಬಿನ್ಸನ್ ಸಿನ್ಸಿನಾಟಿಗೆ 10 ವರ್ಷ ಆಡಿದ್ದರು. ಆ ವರ್ಷವೂ 33 ಹೋಮ್‌ರನ್ (ನಮ್ಮ ಸಿಕ್ಸರ್ ಇದ್ದಂತೆ) ಹೊಡೆದಿದ್ದರು. ಆದರೂ ಮಾಲೀಕರು, ಇವರಿಗೆ 30 ಆದರೂ ಎಳೆಯ 30 ಅಲ್ಲ ಎಂದುಬಿಟ್ಟರು! ಆಗೆಲ್ಲ ಆಟಗಾರನ ಒಪ್ಪಿಗೆ ಯಾರಿಗೂ ಬೇಕಿರಲಿಲ್ಲ. ನಮ್ಮ ಬ್ಯಾಂಕಿನ ವರ್ಗಾವಣೆ ಆರ್ಡರ್ ಹಾಗೆಯೇ. ಬಂದರೆ ಪೆಟ್ಟಿಗೆ ಕಟ್ಟಬೇಕು.

ರಾಬಿನ್ಸನ್ ಬಾಯಲ್ಲಲ್ಲ, ಬ್ಯಾಟಿನಲ್ಲಿ ಉತ್ತರ ಕೊಟ್ಟರು. 1966ರಲ್ಲಿ 49 ಹೋಮ್‌ರನ್ ಹೊಡೆದು ತಮ್ಮ ಲೀಗ್‌ಗೇ ಮೊದಲಿಗರಾದರು. ಬ್ಯಾಟಿಂಗ್ ಸರಾಸರಿಯಲ್ಲೂ ಅವರೇ ಮೊದಲು. ವರ್ಲ್ಡ್ ಸೀರೀಸ್ ಫೈನಲ್‌ನಲ್ಲಿ ಬಾಲ್ಟಿಮೋರ್ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದಿತು. ಕೊನೆಯ ಪಂದ್ಯದ ಲೆಕ್ಕ 1-0. ಆ ಒಂದು ರನ್ ಕೂಡ ರಾಬಿನ್ಸನ್ ಅವರ ಹೋಮ್‌ರನ್ನಿನಿಂದ ಬಂದದ್ದು.

ಅದೇ ವರ್ಷ ಮೇ 8ರಂದು ಅವರು ಹೊಡೆದ ಚೆಂಡು ಬಾಲ್ಟಿಮೋರಿನ ಮೆಮೋರಿಯಲ್ ಸ್ಟೇಡಿಯಂನಿಂದಲೇ ಆಚೆ ಹೋಗಿ ಬಿದ್ದಿತ್ತು. ಅದು ದಾಟಿದ ಜಾಗದಲ್ಲಿ ಒಂದು ಬಾವುಟ ಕಟ್ಟಿದರು. ಅದರ ಮೇಲೆ ಒಂದೇ ಪದ: ‘ಇಲ್ಲಿ’. ತಂಡ 1991ರಲ್ಲಿ ಆ ಮೈದಾನ ಬಿಡುವವರೆಗೂ ಬಾವುಟ ಹಾರುತ್ತಿತ್ತು.